ರೆಕ್ಕೆ ಬಿಚ್ಚಿದ್ದ ಬಿ17: ಚರ್ಮದ ಸೀಟೊಂದನ್ನು ಕತ್ತರಿಸಿ, ಕಪ್ಪಾಗಿಸಿ, ಕಟ್ಟಿ ನಿಲ್ಲಿಸಿದ ಕೆಲಸ

ಕೈಗೆ ಬಂದಾಗ ಈ ಸೀಟಿನ ಎರಡೂ ಬದಿಗಳು ಹೊರಕ್ಕೆ ಚಾಚಿಕೊಂಡಿದ್ದವು. ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ಬಿ17 ಎಂಬ ಸೈಕಲ್ ಸೀಟು, ಜೇನುಬಣ್ಣದ್ದು. ಗೆಳತಿಯೊಬ್ಬಳು ಹಲವು ವರ್ಷ ಹೊರದೇಶದಲ್ಲಿ ಓಡಿಸಿ, ಧಾರವಾಡಕ್ಕೆ ಮರಳುವಾಗ ಸೈಕಲ್ ಜೊತೆಗೇ ತಂದಿದ್ದಳು. ಕೊನೆಗೆ ನೋವು ತಾಳಲಾರದೆ ಅದನ್ನು ಕಳಚಿಟ್ಟು ಫೋಮಿನ ಸೀಟು ಹಾಕಿಸಿಕೊಂಡಳು. ನಡುಭಾಗ ಕುಸಿದಿತ್ತು. ಹಿಂಬದಿಯಲ್ಲಿ ಚರ್ಮವನ್ನು ಚೌಕಟ್ಟಿಗೆ ಹಿಡಿದಿಡುವ ರಿವೆಟ್‌ಗಳ ಸುತ್ತ ಚರ್ಮ ಇಳಿದು, ತುಕ್ಕು ಹಿಡಿದ ತಲೆಗಳು ಮೇಲೆದ್ದು ಬಟ್ಟೆಗೆ ಸಿಕ್ಕಿಕೊಳ್ಳುತ್ತಿದ್ದವು. ಮೇಲ್ಮೈಯಲ್ಲಿ ಅಲ್ಲಲ್ಲಿ ಎಣ್ಣೆ ಕುಡಿದ ಕಲೆಗಳು. ಆದರೆ ಚರ್ಮ ಎಲ್ಲಿಯೂ ಬಿರಿದಿರಲಿಲ್ಲ. ರಿವೆಟ್ ತೂತುಗಳು ಸೀಳಿರಲಿಲ್ಲ. ಇವೆರಡು ಸರಿ ಇದ್ದರೆ ಚರ್ಮದ ಸೀಟಿನಲ್ಲಿ ಇನ್ನೂ ಜೀವ ಇದೆ ಎಂದೇ ಅರ್ಥ. ಎಸೆಯಬೇಡ, ನನಗೆ ಕೊಡು ಎಂದು ಕೇಳಿ ಇಸಿದುಕೊಂಡೆ.

ನನ್ನ ಉದ್ದೇಶ ಎರಡಿತ್ತು. ನೋಡಲು ಚೆನ್ನಾಗಿರಬೇಕು, ದೂರದ ದಾರಿಯಲ್ಲಿ ನೋಯಿಸಬಾರದು. ಕೆಲಸ ಮಾಡುತ್ತಾ ಹೋದಂತೆ ಇವೆರಡೂ ಒಂದೇ ಕೆಲಸ ಎಂಬುದು ನನಗೆ ಸ್ಪಷ್ಟವಾಯಿತು. ಅಂಚನ್ನು ಎಲ್ಲಿ ಕತ್ತರಿಸುತ್ತೀರಿ, ಯಾವ ತೂತಿಗೆ ಯಾವ ದಾರ ಹಾಕುತ್ತೀರಿ ಎಂಬುದೇ ಸೀಟಿನ ಅಂದವನ್ನೂ ಅದು ಹೊರುವ ರೀತಿಯನ್ನೂ ನಿರ್ಧರಿಸುತ್ತದೆ.

ನೋವು ಎಲ್ಲಿಂದ ಬರುತ್ತದೆ

ಚರ್ಮದ ಸೀಟು ದಿಂಬಲ್ಲ, ಜೋಲಿ. ಮುಂದೆ ಮೂಗಿನ ತುಂಡು, ಹಿಂದೆ ಬಾಗಿದ ಉಕ್ಕಿನ ಪಟ್ಟಿ, ಇವೆರಡರ ನಡುವೆ ಸುಮಾರು 5 ಮಿಲಿಮೀಟರ್ ದಪ್ಪದ ಒಂದೇ ತುಂಡು ಚರ್ಮ ಬಿಗಿದು ನಿಂತಿರುತ್ತದೆ. ಅದಕ್ಕೆ ಕೆಳಗಿನಿಂದ ಯಾವ ಆಸರೆಯೂ ಇಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ 1866ರಲ್ಲಿ ಕುದುರೆಯ ಸರಂಜಾಮು ಮಾಡಲು ಶುರು ಮಾಡಿದ ಜಾನ್ ಬೌಲ್ಟ್‌ಬೀ ಬ್ರೂಕ್ಸ್, ಕುದುರೆ ಸತ್ತ ಮೇಲೆ ಎರವಲು ಸೈಕಲ್ ಏರಿ, ಅದರ ಸೀಟಿನ ಗಡಸುತನಕ್ಕೆ ರೋಸಿ ಬೇರೆ ಸೀಟಿನ ಯೋಚನೆಗೆ ಇಳಿದ ಎಂದು ಕಂಪನಿ ಹೇಳುತ್ತದೆ. 1882ರಲ್ಲಿ ಆತ ಪಡೆದ ಪೇಟೆಂಟಿನ ಕಾಲದಿಂದ ಈ ಮೂಲ ಕಲ್ಪನೆ ಹೆಚ್ಚು ಬದಲಾಗಿಲ್ಲ. ನಮ್ಮಲ್ಲಿ ಹಿಂದಿನ ತಲೆಮಾರಿನವರು ಓಡಿಸುತ್ತಿದ್ದ ರ‍್ಯಾಲೆ, ಹರ್ಕ್ಯುಲಿಸ್ ಸೈಕಲ್‌ಗಳ ಮೇಲಿದ್ದ ಸ್ಪ್ರಿಂಗಿನ ಚರ್ಮದ ಸೀಟುಗಳೂ ಇದೇ ಜಾತಿಯವು.

ಕೂತಾಗ ನಡುಭಾಗ ಕೆಳಗಿಳಿಯುತ್ತದೆ. ಇಳಿದ ಚರ್ಮಕ್ಕೆ ಎಲ್ಲಾದರೂ ಹೋಗಬೇಕಲ್ಲ, ಬದಿಯ ರೆಕ್ಕೆಗಳು ಹೊರಕ್ಕೆ ತೆರೆದುಕೊಳ್ಳುತ್ತವೆ. ಹೊಸದರಲ್ಲಿ ಇದು ಕಣ್ಣಿಗೆ ಕಾಣದಷ್ಟು. ವರ್ಷಗಳ ಬಳಕೆ, ಮಳೆ, ಅತಿಯಾದ ಎಣ್ಣೆ ಸೇರಿದರೆ ರೆಕ್ಕೆಗಳು ಶಾಶ್ವತವಾಗಿ ಚಾಚಿಕೊಂಡು ಪೆಡಲ್ ತುಳಿದಾಗಲೆಲ್ಲ ತೊಡೆಯ ಒಳಬದಿಗೆ ಉಜ್ಜುತ್ತವೆ. ನಡು ಕುಸಿದಂತೆ ಭಾರ ಹೊರುವ ಎರಡು ಮೂಳೆಗಳು ಒಳಕ್ಕೆ ಜಾರಿ, ಒತ್ತಡ ಮೃದುವಾದ ಜಾಗಕ್ಕೆ ಬೀಳುತ್ತದೆ.

ಆಗ ಎಲ್ಲರೂ ಮಾಡುವ ಕೆಲಸ ಮೂಗಿನೊಳಗಿನ ನಟ್ಟು ತಿರುಗಿಸಿ ಬಿಗಿ ಮಾಡುವುದು. ಗೆಳತಿಯೂ ಅದನ್ನೇ ಮಾಡಿದ್ದಳು; ಬೋಲ್ಟಿನ ಮರೆ (ತಿರುಪಿನ ಸುರುಳಿ) ಬಹುತೇಕ ಮುಗಿದಿತ್ತು. ಬೋಲ್ಟು ಚರ್ಮವನ್ನು ಉದ್ದಕ್ಕೆ ಮಾತ್ರ ಎಳೆಯುತ್ತದೆ. ಬದಿಗಳು ಸಡಿಲವಾಗಿರುವಾಗ ಉದ್ದಕ್ಕೆ ಎಳೆದರೆ ನಡುಗೆರೆಯ ಮೇಲೆ ಏಣಿನಂತಹ ಉಬ್ಬು ಏಳುತ್ತದೆ, ಅದೂ ಉಬ್ಬು ಇರಲೇಬಾರದ ಜಾಗದಲ್ಲಿ. ಅಂದರೆ ಈ ಸೀಟಿಗೆ ಬೇಕಿದ್ದದ್ದು ಅಡ್ಡದ ಬಿಗಿ. ಎರಡೂ ರೆಕ್ಕೆಗಳನ್ನು ಕೆಳಗಿನಿಂದ ಲೇಸಿನಲ್ಲಿ ಎಳೆದು ಕಟ್ಟಿದರೆ ಮೇಲ್ಭಾಗ ತಾನಾಗಿ ಕಮಾನಾಗಿ ಎದ್ದು ನಿಲ್ಲುತ್ತದೆ. ನಟ್ಟನ್ನು ಪೂರ್ತಿ ಸಡಿಲಿಸಿ, ಎರಡೂ ಕೈಯಿಂದ ರೆಕ್ಕೆಗಳನ್ನು ಒಳಕ್ಕೆ ಒತ್ತಿ ನೋಡಿದೆ. ಕುಸಿದ ನಡು ಕೈಯಡಿಯಲ್ಲೇ ಮೇಲೆದ್ದಿತು. ಮುಂದಿನ ಕೆಲಸವೆಲ್ಲ ಅಲ್ಲಿಂದಲೇ ನಿರ್ಧಾರವಾಯಿತು.

ಕೆಲಸಕ್ಕೆ ಕೈಹಾಕುವ ಮೊದಲು ಸೀಟಿನ ಅಗಲ ನನಗೆ ಹೊಂದುತ್ತದೆಯೇ ಎಂದು ನೋಡುವುದು ಅಗತ್ಯವಾಗಿತ್ತು. ಅಂಗಡಿಯ ಪೆಟ್ಟಿಗೆಯ ಏಣೇಣಾದ ರಟ್ಟನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ಮೊಣಕಾಲು ಎತ್ತಿ ಕುಳಿತರೆ ಎರಡು ಗುಳಿ ಬೀಳುತ್ತವೆ. ಅವುಗಳ ಕೇಂದ್ರಗಳ ನಡುವೆ ನನಗೆ 132 ಮಿಲಿಮೀಟರ್ ಬಂತು. ಬಿ17ರ ಅಗಲ 175 ಮಿಲಿಮೀಟರ್. ಆದರೆ ಅಷ್ಟೂ ಅಗಲ ಬಳಕೆಗೆ ಸಿಗುವುದಿಲ್ಲ. ಹಿಂಬದಿಯ ಉಕ್ಕಿನ ಪಟ್ಟಿ ಎರಡೂ ಬದಿಯಿಂದ ಒಂದಷ್ಟು ಜಾಗ ತಿನ್ನುತ್ತದೆ. ಮೂಳೆಗಳು ಆ ಪಟ್ಟಿಯ ಒಳಗೆ, ತೂಗುವ ಚರ್ಮದ ಮೇಲೇ ಕೂರಬೇಕು. ಹೆಣ್ಣುಮಕ್ಕಳಲ್ಲಿ ಈ ಅಂತರ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ಹಾಗಾಗಿ ಇಷ್ಟೆಲ್ಲ ಶ್ರಮ ಪಡುವ ಮೊದಲು ರಟ್ಟಿನ ಮೇಲೆ ಕುಳಿತು ಅಳೆಯಿರಿ ಎಂದು ಒತ್ತಿ ಹೇಳುತ್ತೇನೆ. ಅಗಲವೇ ಹೊಂದದಿದ್ದರೆ ಯಾವ ಲೇಸೂ ಅದನ್ನು ಸರಿಮಾಡುವುದಿಲ್ಲ.

ಅಥಣಿಗೆ

ದಪ್ಪ ಚರ್ಮವನ್ನು ಅಂಚು ಕೆಡದಂತೆ ಕತ್ತರಿಸುವ ಕೈಗಳು ನಮ್ಮ ಸೀಮೆಯಲ್ಲೇ ಇವೆ. ಕೊಲ್ಹಾಪುರಿ ಚಪ್ಪಲಿ ಎಂದು ಲೋಕ ಕರೆಯುವುದರಲ್ಲಿ ದೊಡ್ಡ ಪಾಲು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಸುತ್ತಮುತ್ತ ತಯಾರಾಗುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಆ ಚಪ್ಪಲಿಯ ಅಟ್ಟೆಯೂ ಬ್ರೂಕ್ಸ್ ಸೀಟಿನ ಚರ್ಮವೂ ಒಂದೇ ಬಗೆಯಲ್ಲಿ ಹದವಾದವು. ಎರಡಕ್ಕೂ ಕ್ರೋಮಿಯಂ ಲವಣ ಮುಟ್ಟಿಸಿರುವುದಿಲ್ಲ, ಮರದ ಒಗರಿನಲ್ಲಿ ನೆನೆಸಿರುತ್ತಾರೆ. ಅಥಣಿಯ ಕಡೆ ಅದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಒಗರು. ಹೀಗೆ ಹದವಾದ ಚರ್ಮ ನೀರಿನಲ್ಲಿ ಮೆತ್ತಗಾಗಿ, ಕೊಟ್ಟ ಆಕಾರದಲ್ಲೇ ಒಣಗಿ ಗಟ್ಟಿಯಾಗುತ್ತದೆ. ಜೋಲಿ ಸೀಟಿಗೆ ಬೇಕಾದ ಗುಣ ಅದೇ.

ಪರಿಚಯದ ಹಿರಿಯ ಕುಶಲಕರ್ಮಿಯೊಬ್ಬರ ಮನೆಯ ಪಡಸಾಲೆಯಲ್ಲಿ ಸೀಟನ್ನು ಇಟ್ಟೆ. ಅವರು ಮಾತಾಡುವ ಮೊದಲು ಹೆಬ್ಬೆರಳಿನಿಂದ ಮೂಗಿನಿಂದ ಹಿಂದಿನವರೆಗೆ ಒತ್ತುತ್ತಾ ಹೋದರು. ತಿರುಗಿಸಿ ಅಡಿಭಾಗ ಮೂಸಿದರು.

“ಚರ್ಮ ಒಳ್ಳೆಯದಿದೆ ತಂಗಿ. ಯಾರೋ ಎಣ್ಣೆ ಬಹಳ ಕುಡಿಸಿದ್ದಾರೆ.”

“ಚಪ್ಪಲಿಗೂ ಎಣ್ಣೆ ಹಾಕುತ್ತೀರಲ್ಲ, ಕಾಕಾ?”

“ಚಪ್ಪಲಿ ಪಾದದ ಜೊತೆ ಬಾಗಬೇಕು. ಇದು ಬಾಗಿದರೆ ನೀನು ಕೆಳಗೆ ಕೂರುತ್ತೀ.”

ಇಡೀ ವಿಷಯದ ತಿರುಳು ಆ ಮಾತಿನಲ್ಲಿದೆ. ಸೀಟು ನೋಯಿಸಿದರೆ ಮೊದಲು ಹೊಳೆಯುವುದು ಮೆತ್ತಗೆ ಮಾಡುವ ಉಪಾಯ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಸವರುವವರಿದ್ದಾರೆ, ಬಕೆಟ್ಟಿನಲ್ಲಿ ನೆನೆಹಾಕುವವರೂ ಇದ್ದಾರೆ. ಮೊದಲ ವಾರ ಹಾಯೆನಿಸುತ್ತದೆ. ಆಮೇಲೆ ಎಳೆಗಳು ಸಡಿಲಗೊಂಡು ನಡು ಕುಸಿದು, ಮತ್ತೆ ಬಿಗಿ, ಮತ್ತೆ ಕುಸಿತ. ಚರ್ಮ ಗಟ್ಟಿಯಾಗಿಯೇ ಇರಬೇಕು. ಅದು ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂಬುದನ್ನು ಕತ್ತರಿ ಮತ್ತು ದಾರದಿಂದ ನಿರ್ಧರಿಸಬೇಕು.

ಕತ್ತರಿಸಿದ್ದು

ರೆಕ್ಕೆಯ ಕೆಳ ಅಂಚನ್ನು ನಡುವಿನಲ್ಲಿ 20 ಮಿಲಿಮೀಟರ್‌ನಷ್ಟು ತೆಗೆಯುವುದೆಂದು ಮಾತಾಯಿತು. ತೊಡೆ ಉಜ್ಜುವುದು ಅಲ್ಲಿ. ಮೂಗಿನ ಕಡೆಗೂ ಹಿಂದಿನ ರಿವೆಟ್‌ಗಳ ಕಡೆಗೂ ಕತ್ತರಿಸುವ ಗೆರೆ ನಿಧಾನವಾಗಿ ಮೂಲ ಅಂಚಿಗೆ ಸೇರಬೇಕು, ಯಾಕೆಂದರೆ ಎಳೆತವೆಲ್ಲ ಆ ತುದಿಗಳಲ್ಲಿ ಬಂದು ನಿಲ್ಲುತ್ತದೆ. ಕಾಗದವನ್ನು ನಡುವೆ ಮಡಚಿ ಒಂದೇ ಬಾರಿಗೆ ಎರಡೂ ಬದಿಯ ಆಕಾರ ಕತ್ತರಿಸಿ, ಮಡಿಕೆಯನ್ನು ಸೀಟಿನ ನಡುಗೆರೆಗೆ ಹೊಂದಿಸಿ ಅಂಟಿಸಿದೆ. ಬೆಳ್ಳಿ ಬಣ್ಣದ ಪೆನ್ನಿನಿಂದ ಗೆರೆ ಎಳೆದ ಮೇಲೆ ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ಬಹಳ ಹೊತ್ತು ನೋಡಿದೆ. ಎಡಬಲ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಸೈಕಲ್ಲಿನ ಹಿಂದೆ ನಿಂತವರ ಕಣ್ಣಿಗೆ ಅದು ಎದ್ದು ಕಾಣುತ್ತದೆ.

ಕತ್ತರಿಸಿದವರು ಕಾಕಾ. ಚರ್ಮದ ಕೆಲಸದ ಅಗಲ ಬಾಯಿಯ ರಂಪಿಗೆಯನ್ನು ಕಲ್ಲಿನ ಮೇಲೆ ಮಸೆದು, ಅಂಗೈಯ ಬುಡದಿಂದ ಮುಂದಕ್ಕೆ ತಳ್ಳುತ್ತಾ ಹೋದರು. ಒಂದೇ ಸಲಕ್ಕೆ 5 ಮಿಲಿಮೀಟರ್ ದಪ್ಪ ತುಂಡಾಗುವುದಿಲ್ಲ. ಮೊದಲ ಬಾರಿ ಬರೀ ದಾರಿ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಪೂರ್ತಿ. ಅಂಚು ಕನ್ನಡಿಯಷ್ಟು ನುಣುಪಾಗಿ ಬಂತು. ಆಮೇಲೆ ರಂಪಿಗೆಯನ್ನು ಓರೆ ಹಿಡಿದು ಹೊರಬದಿಯ ಏಣನ್ನು ಉದ್ದಕ್ಕೂ ಸವರಿ ತೆಗೆದರು. ದುಬಾರಿ ಸೀಟುಗಳಲ್ಲಿ ಈ ಓರೆ ಅಂಚನ್ನು ಅಂದಕ್ಕೆಂದು ತೋರಿಸುತ್ತಾರೆ. ಆದರೆ ತೊಡೆಗೆ ತಾಗುವ ಏಣು ಇಲ್ಲವಾಗುವುದೇ ಅದರ ದೊಡ್ಡ ಲಾಭ.

ಮೃದುವಾದ ಜಾಗದ ಒತ್ತಡ ತಪ್ಪಿಸಲು ಸೀಟಿನ ನಡುವೆ ಉದ್ದಕ್ಕೆ ಸೀಳು ಮಾಡುವ ಬಗ್ಗೆ ನಾನು ಬಹಳ ಯೋಚಿಸಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೇ ಇಂಥ ಸೀಳಿನ ಸೀಟುಗಳಿದ್ದವು, ಇಂಪೀರಿಯಲ್ ಎಂಬ ಹೆಸರಿನಲ್ಲಿ ಬ್ರೂಕ್ಸ್ ಈ ಶತಮಾನದಲ್ಲಿ ಮತ್ತೆ ತಂದಿತು. ಮೂಗಿನ ಒತ್ತಡ ಮೈಗೆ ಹಾನಿ ಎಂಬುದು ಬರೀ ಅನಿಸಿಕೆಯಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಸೈಕಲ್ ಗಸ್ತಿನ ಪೊಲೀಸರ ಮೇಲೆ ಅಧ್ಯಯನ ನಡೆಸಿ, ಮೂಗಿಲ್ಲದ ಸೀಟಿನಿಂದ ಒತ್ತಡವೂ ಜೋಮು ಹಿಡಿಯುವುದೂ ಕಡಿಮೆಯಾದದ್ದನ್ನು 2008ರಲ್ಲಿ ಪ್ರಕಟಿಸಿದರು. ಮೂಗಿಲ್ಲದ ಸೀಟಿನ ಮೇಲೆ ತಿರುವುಗಳಲ್ಲಿ ಸೈಕಲ್ಲನ್ನು ತೊಡೆಯಿಂದ ಹಿಡಿಯಲು ಆಗುವುದಿಲ್ಲ. ಮೂಗು ಇರಲಿ, ಒತ್ತುವ ಜಾಗ ಹೋಗಲಿ ಎಂದು ಸೀಳಿಗೇ ಒಪ್ಪಿಕೊಂಡೆ. ಇದು ಹಿಂತಿರುಗಿ ಬರಲಾಗದ ಕೆಲಸ. ಸೀಳಿದ ಚರ್ಮ ಅಡ್ಡಕ್ಕೆ ಬಲ ಕಳೆದುಕೊಳ್ಳುತ್ತದೆ. ಲೇಸು ಕಟ್ಟುವ ಮನಸ್ಸಿಲ್ಲದವರು ಸೀಳಲೇಬಾರದು.

ಸೀಳಿನ ಉದ್ದ 110 ಮಿಲಿಮೀಟರ್. ಹಿಂದಿನ ತುದಿಯಲ್ಲಿ 14 ಮಿಲಿಮೀಟರ್ ಅಗಲ, ಮೂಗಿನ ಕಡೆಗೆ ಸಣ್ಣದಾಗುತ್ತಾ 8. ಮೊದಲು ಎರಡು ತುದಿಗಳಲ್ಲಿ ದುಂಡು ತೂತು, ಆಮೇಲೆ ಅವನ್ನು ಸೇರಿಸುವ ಎರಡು ಗೆರೆ. ಚೂಪಾದ ಮೂಲೆ ಉಳಿದರೆ ಎಳೆತ ಅಲ್ಲೇ ಸೇರಿ ಚರ್ಮ ಮುಂದಕ್ಕೆ ಸೀಳುತ್ತಾ ಹೋಗುತ್ತದೆ, ದುಂಡಾಗಿದ್ದರೆ ಎಳೆತ ಸುತ್ತಲೂ ಹಂಚಿಕೊಳ್ಳುತ್ತದೆ. ತೂತು ಹೊಡೆಯಲು ಕೆಳಗೆ ಗಟ್ಟಿ ಆಸರೆ ಬೇಕು. ಆದರೆ ಚರ್ಮದ ಅಡಿಯಲ್ಲಿ, ಒಂದಷ್ಟು ಅಂತರದಲ್ಲಿ, ಸೀಟನ್ನು ಸೈಕಲ್ಲಿಗೆ ಹಿಡಿಸುವ ಕಂಬಿಗಳಿವೆ. ಕಾಕಾ ಹುಣಸೆಮರದ ಕೊರಡಿನಿಂದ ಒಂದು ತುಂಡು ಕೊಯ್ದು, ಕಂಬಿಗಳ ಮೇಲೆ ಕೂತು ಚರ್ಮದ ಅಡಿಗೆ ಅಂಟಿ ನಿಲ್ಲುವಂತೆ ಕೆತ್ತಿದರು. ಎಳೆಯ ತುದಿಗಳು ಮೇಲ್ಮುಖವಾಗಿರುವ ಹುಣಸೆಮರ ಉಳಿಯ ಪೆಟ್ಟನ್ನು ನುಂಗುತ್ತದೆ, ಬಾಯಿ ಮೊಂಡಾಗುವುದಿಲ್ಲ. ಸೀಳಿನ ಒಳಬದಿಯ ಏಣನ್ನೂ ಮೇಲೆ ಕೆಳಗೆ ಎರಡೂ ಕಡೆ ಸವರಿದೆವು.

ಲೇಸಿನ ತೂತುಗಳು ಪ್ರತಿ ಬದಿಗೆ ಐದು, ಹೊಸ ಅಂಚಿನಿಂದ 10 ಮಿಲಿಮೀಟರ್ ಒಳಗೆ, 3 ಮಿಲಿಮೀಟರ್ ಗಾತ್ರದವು. ಅಂಚಿಗೆ ಇದಕ್ಕಿಂತ ಹತ್ತಿರ ಹೊಡೆದರೆ ಹರಿಯುತ್ತವೆ. ಎಲ್ಲವೂ ನಡುವಿನ ಮೂರನೆಯ ಒಂದು ಭಾಗದಲ್ಲೇ ಇವೆ. ಹಿಂಭಾಗ ಉಕ್ಕಿನ ಪಟ್ಟಿಗೆ ಹೊಡೆದು ನಿಂತಿರುವುದರಿಂದ ಅಲ್ಲಿ ಲೇಸಿಗೆ ಮಾಡುವ ಕೆಲಸವಿಲ್ಲ.

ಅಂದಕ್ಕೆಂದೇ ಮಾಡಿದ್ದು ಒಂದು. ಚಪ್ಪಲಿಯ ಕಿವಿಯ ಮೇಲೆ ಒತ್ತುವ ಚುಕ್ಕಿಯ ಅಚ್ಚನ್ನು ತೇವದ ಚರ್ಮದ ಮೇಲೆ ಅಂಚಿನುದ್ದಕ್ಕೂ ಒಂದೇ ಸಾಲು ಒತ್ತಿಸಿದೆ. ತೂತಾಗುವ ಅಚ್ಚು ಬೇಡವೆಂದೆ, ಮೇಲ್ಮೈಯಲ್ಲಿ ಗುಳಿ ಬೀಳುವಷ್ಟೇ ಸಾಕು.

ಬೆಲ್ಲ, ಕಬ್ಬಿಣ, ಅಳಲೆಕಾಯಿ

ಬಣ್ಣದ ಉಪಾಯ ಹೊಳೆದದ್ದು ಸೀಟನ್ನು ತಲೆಕೆಳಗು ಮಾಡಿದಾಗ. ಅಡಿಭಾಗದಲ್ಲಿ ಪ್ರತಿ ರಿವೆಟ್ಟಿನ ಸುತ್ತ ನೀಲಿ ಮಿಶ್ರಿತ ಕಪ್ಪು ಉಂಗುರವಿತ್ತು. ಅದು ಕೊಳೆಯಲ್ಲ. ಮಳೆನೀರಿನಲ್ಲಿ ಕರಗಿದ ತುಕ್ಕು ಚರ್ಮದ ಒಗರಿನ ಜೊತೆ ಸೇರಿ ಆದ ಬಣ್ಣ. ಹಳೆಯ ಕಾಲದ ಬರೆಯುವ ಮಸಿಯೂ ಇದೇ ರಸಾಯನ. ಶ್ರೀಕಾಳಹಸ್ತಿಯ ಕಲಂಕಾರಿಯವರು ಬಟ್ಟೆಗೆ ಅಳಲೆಕಾಯಿ ಹಾಕಿ, ಬೆಲ್ಲದ ನೀರಿನಲ್ಲಿ ಕಬ್ಬಿಣ ಕೊಳೆಸಿದ ದ್ರವದಿಂದ ಕಪ್ಪು ಗೆರೆ ಎಳೆಯುವುದೂ ಇದರಿಂದಲೇ. ಜೇನುಬಣ್ಣದ ಮೇಲೆ ಎಣ್ಣೆಯ ಕಲೆಗಳನ್ನು ತಿಳಿಗೊಳಿಸುವ ದಾರಿಯಿಲ್ಲ. ಎಲ್ಲವನ್ನೂ ಒಂದೇ ಕಪ್ಪಿಗೆ ತರುವುದೇ ಸರಿ.

ತುಕ್ಕು ಹಿಡಿದ ಮೊಳೆ, ಲೇತ್ ಅಂಗಡಿಯ ಕಬ್ಬಿಣದ ಚೂರು, ಮಹಾಲಿಂಗಪುರದ ಬೆಲ್ಲ, ನೀರು. ಇಷ್ಟನ್ನು ಬರಣಿಯಲ್ಲಿ ಹಾಕಿ ಬಟ್ಟೆ ಕಟ್ಟಿ, ಹಿತ್ತಲಿನ ಬಿಸಿಲಿನಲ್ಲಿ ಮೂರು ವಾರ ಇಟ್ಟೆ. ಮುಚ್ಚಳ ಬಿಗಿಯಬಾರದು, ಒಳಗೆ ಅನಿಲ ಹುಟ್ಟುತ್ತದೆ. ವಾಸನೆ ಕಟುವಾಗಿರುತ್ತದೆ, ಅದು ಸರಿಯಾಗಿ ಆಗುತ್ತಿರುವ ಲಕ್ಷಣ. ಆಮೇಲೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದೆ.

ಮೊದಲ ಪರೀಕ್ಷೆ ಕತ್ತರಿಸಿ ಉಳಿದ ಚೂರಿನ ಮೇಲೆ. ನಿಮ್ಮ ಸೀಟು ಯಾವ ಹದದ್ದೋ ಗೊತ್ತಿಲ್ಲದಿದ್ದರೆ ಇದೇ ಒಳ್ಳೆಯ ಪರೀಕ್ಷೆಯೂ ಹೌದು. ಕ್ರೋಮಿನ ಚರ್ಮದಲ್ಲಿ ಒಗರು ಇಲ್ಲದ್ದರಿಂದ ಅದು ಕಪ್ಪಾಗುವುದಿಲ್ಲ. ನನ್ನ ಚೂರಿನ ಮೇಲೆ ಹನಿ ಬಿದ್ದ ಕೂಡಲೇ ಬೂದಿಬಣ್ಣ, ನೋಡುನೋಡುತ್ತಿದ್ದಂತೆ ನೇರಳೆ ಛಾಯೆ, ಒಂದೆರಡು ನಿಮಿಷದಲ್ಲಿ ಕಡುಕಪ್ಪು. ಚೂರನ್ನು ಅಡ್ಡಕ್ಕೆ ಕತ್ತರಿಸಿ ನೋಡಿದೆ. ಕಪ್ಪು ಮೇಲೆ ಕೂತ ಪದರವಲ್ಲ, ಒಂದು ಮಿಲಿಮೀಟರಿನಷ್ಟು ಒಳಗಿಳಿದಿತ್ತು. ಅಂಗಡಿಯ ಬಣ್ಣದಂತೆ ಬೆವರಿಗೆ ಬಿಟ್ಟು ಬಟ್ಟೆಗೆ ಹತ್ತುವ ಭಯ ಇದರಲ್ಲಿ ಕಡಿಮೆ.

ಸೀಟಿಗೆ ಹಚ್ಚುವ ಮೊದಲು ಹಳೆಯ ಮೇಣ, ಎಣ್ಣೆ ಹೋಗಬೇಕು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, 400ರ ನುಣುಪಿನ ಉಪ್ಪುಕಾಗದವನ್ನು ಹಗುರವಾಗಿ ಆಡಿಸಿದೆ. ಚೌಕಟ್ಟಿಗೆಲ್ಲ ವ್ಯಾಸಲೀನ್ ಸವರಿ ಟೇಪ್ ಸುತ್ತಿದೆ, ಈ ಹುಳಿದ್ರವ ಉಕ್ಕನ್ನು ತಿನ್ನುತ್ತದೆ. ಅಳಲೆಕಾಯಿಯ ಕಷಾಯವನ್ನು ಪೂರ್ತಿ ಆರಿಸಿ ಒಂದು ಕೈ ಹಚ್ಚಿದೆ. ಹಳೆಯ ಚರ್ಮದಲ್ಲಿ ಕರಗಿ ಹೋದ ಒಗರನ್ನು ಅದು ಮರಳಿ ತುಂಬುತ್ತದೆ. ಬಿಸಿಯಿರುವಾಗ ಹಚ್ಚಬಾರದು. ಹೀಗೆ ಹದವಾದ ಚರ್ಮ ಒದ್ದೆಯಿರುವಾಗ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮುದುಡತೊಡಗುತ್ತದೆ, ಮುದುಡಿದ್ದು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಹೇರ್ ಡ್ರೈಯರ್, ಒಲೆಯ ಪಕ್ಕ, ಮೇ ತಿಂಗಳ ಬಿಸಿಲಿನ ತಗಡು, ಇವು ಯಾವುವೂ ಒದ್ದೆ ಸೀಟಿನ ಹತ್ತಿರ ಬರಬಾರದು.

ಆಮೇಲೆ ಕಬ್ಬಿಣದ ನೀರು, ತೆಳುವಾಗಿ, ಸ್ಪಂಜಿನಿಂದ. ಮೊದಲ ಕೈಗೆ ಎಣ್ಣೆಯ ಕಲೆಗಳ ಮೇಲೆ ಸ್ವಲ್ಪ ಮಾಸಲು ಬಂತು. ಎರಡನೆಯದಕ್ಕೆ ಎಲ್ಲವೂ ಒಂದಾಯಿತು. ಹೆಚ್ಚು ಹಚ್ಚುವುದರಿಂದ ಕಪ್ಪು ಹೆಚ್ಚುವುದಿಲ್ಲ, ಉಳಿದ ಕಬ್ಬಿಣ ಮತ್ತು ಹುಳಿ ವರ್ಷಗಳಲ್ಲಿ ಎಳೆಗಳನ್ನು ಪುಡಿಗಟ್ಟುತ್ತವೆ. ಹಾಗಾಗಿ ಕೂಡಲೇ ಅಡುಗೆ ಸೋಡಾ ಕರಗಿಸಿದ ತೆಳು ನೀರಿನಿಂದ ಒರೆಸಿ, ಶುದ್ಧ ನೀರಿನಿಂದ ಮತ್ತೆ ಒರೆಸಿದೆ. ಈ ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬಾರದು.

ಆಕಾರ ಮತ್ತು ರಿವೆಟ್

ತೇವ ಇರುವಾಗಲೇ ಆಕಾರ ಕೊಟ್ಟೆ. ಹುಣಸೆ ಕೊರಡನ್ನು ಅಡಿಯಲ್ಲಿಟ್ಟು, ನಡುವಿನ ಕುಸಿತವನ್ನು ಕೆಳಗಿನಿಂದ ಒತ್ತಿ ಎತ್ತಿ, ರೆಕ್ಕೆಗಳನ್ನು ಒಳಕ್ಕೆ ಬಾಗಿಸಿ, ಅಗಲವಾದ ಹತ್ತಿ ಲಾಡಿಯಿಂದ ಸುತ್ತಲೂ ಬಿಗಿದೆ. ಸಣ್ಣ ಹಗ್ಗ ಸುತ್ತಿದರೆ ಅದರ ಗುರುತು ಚರ್ಮದ ಮೇಲೆ ಉಳಿಯುತ್ತದೆ. ಕೊಠಡಿಯ ನೆರಳಿನಲ್ಲಿ ವಾರಪೂರ್ತಿ ಒಣಗಿತು. ಧಾರವಾಡದ ಮಳೆಗಾಲದಲ್ಲಿ ಇದನ್ನು ಮಾಡಲಾಗದು. ಜಿಟಿಜಿಟಿ ಮಳೆಗೆ ಚರ್ಮ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಮಾಘ, ಫಾಲ್ಗುಣದ ಒಣಗಾಳಿಯೇ ಇದಕ್ಕೆ ತಕ್ಕ ಕಾಲ. ಲಾಡಿ ಬಿಚ್ಚಿದಾಗ ರೆಕ್ಕೆಗಳು ನೆಟ್ಟಗೆ ಕೆಳಕ್ಕೆ ನಿಂತಿದ್ದವು. ಬೆರಳಿನಿಂದ ತಟ್ಟಿದರೆ ಹಲಗೆಯ ಸದ್ದು.

ಹಿಂದಿನ ಉಕ್ಕಿನ ರಿವೆಟ್‌ಗಳನ್ನು ತಾಮ್ರಕ್ಕೆ ಬದಲಿಸುವ ಕೆಲಸವನ್ನು ಬಣ್ಣದ ಆಮೇಲೆ ಇಟ್ಟುಕೊಂಡಿದ್ದೆ, ಹುಳಿ ತಾಮ್ರಕ್ಕೂ ಶತ್ರು. ಹುಬ್ಬಳ್ಳಿಯಲ್ಲಿ ತಾಮ್ರದ ಹಂಡೆ, ಕೊಡಗಳಿಗೆ ಹಿಡಿಕೆ ಕೂರಿಸುವವರ ಬಳಿ 4 ಮಿಲಿಮೀಟರ್ ದಂಟಿನ, ಅಗಲ ತಲೆಯ ರಿವೆಟ್ ಸಿಕ್ಕವು. ಅಗಲ ತಲೆ ಚರ್ಮವನ್ನು ಹೆಚ್ಚು ಜಾಗದಲ್ಲಿ ಹಿಡಿಯುವುದರಿಂದ ತೂತು ಹಿಗ್ಗುವುದು ತಡವಾಗುತ್ತದೆ. ಕಪ್ಪಿನ ಮೇಲೆ ತಾಮ್ರ ಎಷ್ಟು ಚೆಂದ ಎಂದು ಹೇಳಬೇಕಾಗಿಲ್ಲ.

ಒಂದೊಂದನ್ನೇ ತೆಗೆದು ಒಂದೊಂದನ್ನೇ ಕೂರಿಸಬೇಕು. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಚರ್ಮ ಜರುಗಿ, ಉಕ್ಕಿನ ಪಟ್ಟಿಯ ತೂತಿಗೂ ಚರ್ಮದ ತೂತಿಗೂ ಹೊಂದಾಣಿಕೆ ತಪ್ಪುತ್ತದೆ. ಹಳೆಯದರ ಒಳಬದಿಯ ಹರಡಿದ ಬಾಯಿಯನ್ನು ಡ್ರಿಲ್ಲಿನಿಂದ ನಿಧಾನವಾಗಿ ಸವೆಸಿ, ಮೊಂಡು ಮೊಳೆಯಿಂದ ಹೊರಕ್ಕೆ ತಟ್ಟಿದೆ. ತಾಮ್ರದ ರಿವೆಟ್‌ಗಳನ್ನು ಮೊದಲೇ ಗ್ಯಾಸ್ ಒಲೆಯ ಮೇಲೆ ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದ್ದೆ. ಉಕ್ಕು ಹೀಗೆ ಮಾಡಿದರೆ ಗಡಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಹೊರಗಿನಿಂದ ತೂರಿಸಿ, ಒಳಬದಿಗೆ ತಾಮ್ರದ ವಾಷರ್ ಹಾಕಿ, ಅದರ ಮೇಲೆ ಸುಮಾರು 2 ಮಿಲಿಮೀಟರ್ ಉಳಿಸಿ ದಂಟನ್ನು ಕತ್ತರಿಸಿದೆ. ತಲೆಯ ಅಡಿಗೆ ನುಣುಪಾದ ಕಬ್ಬಿಣದ ಗಟ್ಟಿ ಇಟ್ಟು, ಒಳಗಿನಿಂದ ಸಣ್ಣ ಸುತ್ತಿಗೆಯಲ್ಲಿ ಸುತ್ತಲೂ ಹಗುರ ಪೆಟ್ಟು. ಜೋರಾಗಿ ಒಂದು ಹೊಡೆದರೆ ದಂಟು ಬಾಗುತ್ತದೆ. ಹಗುರವಾಗಿ ಹತ್ತು ಹೊಡೆದರೆ ಅಣಬೆಯಾಗಿ ಅರಳಿ ವಾಷರನ್ನು ಕಚ್ಚುತ್ತದೆ. ಕೊನೆಗೆ ಹೊರತಲೆಯ ಅಂಚು ಚರ್ಮದ ಮಟ್ಟಕ್ಕೆ ಇಳಿಯಿತೇ ಎಂದು ಉಗುರು ಆಡಿಸಿ ನೋಡಬೇಕು. ಉಗುರು ಸಿಕ್ಕಿಕೊಂಡರೆ ಬಟ್ಟೆಯೂ ಸಿಕ್ಕಿಕೊಳ್ಳುತ್ತದೆ.

ಅಂಚುಗಳಿಗೆ ತೇವ ಕೊಟ್ಟು, ಸಾಗುವಾನಿ ಕಡ್ಡಿಯಿಂದ ಬಿಸಿಯೇರುವಷ್ಟು ಉಜ್ಜಿ, ಜೇನುಮೇಣ ತಿಕ್ಕಿ ಮತ್ತೆ ಉಜ್ಜಿದೆ. ಕತ್ತರಿಸಿದ ಬಾಯಿಯಲ್ಲಿ ಕಾಣುತ್ತಿದ್ದ ಎಳೆಗಳೆಲ್ಲ ಮಲಗಿ ಹೊಳಪು ಬಂತು. ಮೇಲ್ಮೈಗೆ ಬ್ರೂಕ್ಸಿನವರದೇ ಪ್ರೂಫೈಡ್ ಒಂದು ತೆಳು ಪದರ. ಪ್ರಾಣಿಕೊಬ್ಬು, ಮೀನೆಣ್ಣೆ, ಜೇನುಮೇಣ ಸೇರಿದ ಮುಲಾಮು ಅದು. ಕೊಬ್ಬು ಬೇಡದವರಿಗೆ ಬರೀ ಜೇನುಮೇಣವೂ ನಡೆಯುತ್ತದೆ.

ಲೇಸು

ಕಾಕಾ ಜೊತೆ ನನ್ನ ಅಭಿಪ್ರಾಯ ಬೇರೆಯಾದದ್ದು ಇಲ್ಲಿ. ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ ಹಿಗ್ಗುವುದಿಲ್ಲ, ಅದೇ ಇರಲಿ ಎಂದು ನಾನು. “ದಾರ ಚರ್ಮವನ್ನು ಕೊಯ್ಯುತ್ತದೆ ತಂಗಿ. ಚರ್ಮಕ್ಕೆ ಚರ್ಮವೇ ಜೋಡಿ” ಎಂದು ಅವರು. 3 ಮಿಲಿಮೀಟರ್ ತೂತಿನಲ್ಲಿ ಸಣ್ಣ ದಾರವನ್ನು ಎಳೆದು ನೋಡಿದಾಗ ತೂತಿನ ಅಂಚು ಕಚ್ಚಿಕೊಂಡದ್ದು ಕಣ್ಣಿಗೇ ಕಂಡಿತು. ಅವರು ಹೇಳಿದ್ದೇ ಸರಿ. ಚರ್ಮದ ಲೇಸು ಹಿಗ್ಗುವುದಕ್ಕೆ ಮದ್ದೂ ಅವರ ಬಳಿಯೇ ಇತ್ತು. ತೆಳುವಾಗಿ ಸೀಳಿದ ಬಾರನ್ನು ಒದ್ದೆ ಮಾಡಿ, ತುದಿಗೆ ಕಲ್ಲು ಕಟ್ಟಿ ರಾತ್ರಿಯಿಡೀ ತೂಗುಹಾಕಿದರು. ಹಿಗ್ಗುವಷ್ಟೂ ಹಿಗ್ಗಿ ಒಣಗಿದ ಬಾರು ಆಮೇಲೆ ಸುಲಭಕ್ಕೆ ಜಗ್ಗುವುದಿಲ್ಲ. ಹೊರಗೆ ಕಾಣುವ ಹೊಲಿಗೆಯನ್ನು ಚಪ್ಪಲಿಯ ಪಟ್ಟಿಯಂತೆ ಹೆಣೆದು ಕೊಟ್ಟರು, ಕಪ್ಪು ರೆಕ್ಕೆಯ ಮೇಲೆ ಬಣ್ಣ ಹಾಕದ ಬಾರಿನ ಐದು ಸಣ್ಣ ಅಡ್ಡಗೆರೆಗಳು. ಕಂಬಿಗಳ ಮೇಲಿನಿಂದಲೇ ಲೇಸು ಹಾಯುತ್ತದೆ, ಕಂಬಿಗೆ ತಾಗುವುದಿಲ್ಲ. ತಾಗಿದರೆ ತುಳಿದಾಗಲೆಲ್ಲ ಕಿರುಗುಟ್ಟಿ, ಕೊನೆಗೆ ಸವೆದು ಹರಿಯುತ್ತದೆ.

ಬಿಗಿ ಎಷ್ಟಿರಬೇಕು? ಸೀಟಿನ ಮೇಲೆ ಅಂಗೈಯಿಂದ ಭಾರ ಬಿಟ್ಟಾಗ ಸೀಳಿನ ಎರಡು ತುಟಿಗಳು ಒಂದೇ ಮಟ್ಟದಲ್ಲಿ ಕೆಳಗಿಳಿಯಬೇಕು, ಒಂದನ್ನೊಂದು ಮುಟ್ಟಬಾರದು. ಮುಟ್ಟಿದರೆ ಲೇಸು ಅತಿ ಬಿಗಿ. ರೆಕ್ಕೆ ಹೊರಕ್ಕೆ ಚಾಚಿದರೆ ಸಡಿಲ. ಲೇಸು ಕಟ್ಟಿದ ಮೇಲೆ ಕೊನೆಯದಾಗಿ ಮೂಗಿನ ನಟ್ಟನ್ನು ಕೈಗೆ ಪ್ರತಿರೋಧ ಸಿಗುವಷ್ಟು ಮಾತ್ರ ತಂದೆ. ಮೊದಲು ಮುಗಿಯುತ್ತ ಬಂದಿದ್ದ ಮರೆಯಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಉಳಿದಿದೆ.

ದಾರಿಯ ಮೇಲೆ

ಸೈಕಲ್ಲಿಗೆ ಹಾಕುವಾಗ ಮೂಗನ್ನು ಕೂದಲೆಳೆಯಷ್ಟು ಮೇಲಕ್ಕೆ ಇಟ್ಟೆ. ಚರ್ಮದ ಸೀಟು ಮಟ್ಟಸವಾಗಿದ್ದರೆ ಮೈ ಮುಂದಕ್ಕೆ ಜಾರಿ, ಭಾರವೆಲ್ಲ ಅಂಗೈಗೆ ಬರುತ್ತದೆ. ಹ್ಯಾಂಡಲ್ ಸೀಟಿನ ಎತ್ತರಕ್ಕೇ ಇದೆ. ಬಿ17ರಂತಹ ಅಗಲ ಸೀಟು ಬೆನ್ನು ಅರ್ಧ ಬಾಗಿಸಿ ಕೂರುವವರಿಗೆ ಸರಿ, ಪೂರ್ತಿ ನೆಟ್ಟಗೆ ಕೂರುವವರಿಗೆ ಸ್ಪ್ರಿಂಗಿನ ಸೀಟೇ ಮೇಲು.

ದಾಂಡೇಲಿ ರಸ್ತೆಯಲ್ಲಿ ಮೊದಲ ದೂರದ ಸವಾರಿ ಮಾಡಿದೆ. ತೊಡೆಗೆ ಅಂಚು ತಾಗಲೇ ಇಲ್ಲ. ನಡುವಿನ ಒತ್ತಡ ಹೋಗಿದೆ, ಜೋಮು ಹಿಡಿಯಲಿಲ್ಲ. ಮೂಳೆಗಳ ಅಡಿಯಲ್ಲಿ ಚರ್ಮ ಇನ್ನೂ ಗಡಸಾಗಿದೆ, ಹಾಗೇ ಇರಬೇಕು, ಅದು ಕಿಲೋಮೀಟರ್‌ಗಳಿಂದ ಮಾತ್ರ ಹದಕ್ಕೆ ಬರುತ್ತದೆ. ಅಳ್ನಾವರ ದಾಟುವ ಹೊತ್ತಿಗೆ ಲೇಸು ಒಂದು ಬೆರಳಿನಷ್ಟು ಸಡಿಲಾಗಿತ್ತು. ಗಂಟುಗಳು ಕೂತುಕೊಳ್ಳುವಾಗ ಇದು ಸಹಜ. ರಸ್ತೆ ಬದಿಯಲ್ಲಿ ನಿಂತು ಮತ್ತೆ ಎಳೆದು ಕಟ್ಟಿದೆ, ಆಮೇಲೆ ಅದು ಅಲುಗಿಲ್ಲ. ನಟ್ಟನ್ನು ಮುಟ್ಟಿಲ್ಲ. ಮುಂದೆ ಬಿಗಿಸುವ ಹೊತ್ತು ಬಂದರೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ.

ಮಳೆಗಾಲಕ್ಕೆ ಹಿಂಚಕ್ರದ ಮಡ್‌ಗಾರ್ಡ್ ಹಾಕಿಸಿದ್ದೇನೆ. ಮೇಲಿನಿಂದ ಬೀಳುವ ನೀರನ್ನು ಜನ ನೋಡುತ್ತಾರೆ, ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಸೀಟನ್ನು ನಿಜವಾಗಿ ಕೊಲ್ಲುವುದು ಚಕ್ರದಿಂದ ಅಡಿಭಾಗಕ್ಕೆ ಚಿಮ್ಮುವ ಕೆಸರು ನೀರು, ಯಾಕೆಂದರೆ ಅಲ್ಲಿ ಚರ್ಮಕ್ಕೆ ಹೊಳಪಿನ ಪದರವಿಲ್ಲ, ಎಳೆಗಳು ತೆರೆದೇ ಇರುತ್ತವೆ. ಸೀಳು ಮಾಡಿದ ಮೇಲೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಅದೇ ನೀರು ಈಗ ಸವಾರರಿಗೂ ತಲುಪುತ್ತದೆ. ಅಕಸ್ಮಾತ್ ಪೂರ್ತಿ ನೆನೆದರೆ ಆ ದಿನ ಅದರ ಮೇಲೆ ಕೂರಬಾರದು. ಒದ್ದೆ ಚರ್ಮದ ಮೇಲೆ ಒಂದು ಗಂಟೆ ಕುಳಿತರೆ ಒಂದು ವಾರ ಒಣಗಿಸಿ ಕೊಟ್ಟ ಆಕಾರ ಹಾಳು.

ಮೂಗಿನ ಉಕ್ಕಿನ ರಿವೆಟ್‌ಗಳನ್ನು ಹಾಗೇ ಬಿಟ್ಟಿದ್ದೇನೆ. ಅವು ಗಟ್ಟಿಯಾಗಿವೆ, ಅವನ್ನು ತೆಗೆಯಲು ಬಿಗಿತದ ಬೋಲ್ಟನ್ನೂ ಕಳಚಬೇಕು. ಗೆಳತಿ ಬಂದು ಕುಳಿತು ನೋಡಿದಳು, ಇಳಿದು ರಟ್ಟು ಎಲ್ಲಿದೆ ಎಂದು ಕೇಳಿದಳು. ಅವಳ ಅಳತೆ 146 ಬಂತು. ಹಾಗಾಗಿ ಅವಳಿಗೆ ಇದಕ್ಕಿಂತ ಅಗಲದ, ಸ್ಪ್ರಿಂಗಿರುವ ಹಳೆಯ ಸೀಟೊಂದನ್ನು ಹುಡುಕುತ್ತಿದ್ದೇವೆ. ಬರಣಿಯಲ್ಲಿ ಕಬ್ಬಿಣದ ನೀರು ಇನ್ನೂ ಅರ್ಧ ಉಳಿದಿದೆ.